ಮನಾರೋ, ಅವರಿಗೆ ಹೇಳು

"ಬುಬುನ ಕರ್ಕೊಂಡು ಬನ್ನಿ" ಎಂದು ಮುದುಕ ಗರಾಯ್ ಹೇಳಿದಾಗ, ಶಾಲೆಯ ಕೊಠಡಿಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದ ನೆಂಟರಿಷ್ಟರೆಲ್ಲ ಅವನತ್ತ ತಿರುಗಿದರು. ಬುಬು ಇದ್ದದ್ದು ಸಮುದ್ರದಾಚೆ, ಅಂಬಾಯ್ ದ್ವೀಪದಲ್ಲಿ. ದ್ವೀಪದ ನೆತ್ತಿಯ ಮೇಲೆ ಮನಾರೋ ಬೆಟ್ಟ ಬೆಂಕಿ ಕಾರುತ್ತಿತ್ತು. ಅಲ್ಲಿಂದ ಕೊನೆಯ ಮನುಷ್ಯನನ್ನೂ ಹಡಗು ಹತ್ತಿಸಿ ಈ ಸಾಂತೋ ಪಟ್ಟಣಕ್ಕೆ ತಂದು ಇಳಿಸಿಯಾಗಿತ್ತು. ಹಡಗಿನಲ್ಲಿ ಹಂದಿಗಳಿಗೆ ಜಾಗವಿರಲಿಲ್ಲ.

ಬುಬು ಹಂದಿ. ಹಾಗೆಂದು ಗರಾಯ್ ಎದುರು ಬರಿಯ ಹಂದಿ ಅಂದರೆ ಕೋಲು ತೆಗೆದುಕೊಳ್ಳುತ್ತಿದ್ದ. ಮರಿಯಿದ್ದಾಗಲೇ ಅದರ ಮೇಲಿನ ಹಲ್ಲು ಕೀಳಿಸಿದ್ದ. ಅಡ್ಡಿಯಿಲ್ಲದೆ ಬೆಳೆದ ಕೆಳಗಿನ ಕೋರೆಗಳೆರಡೂ ಬಾಗಿ, ದವಡೆ ಸುತ್ತಿ, ಬಳೆಯಾಗಿದ್ದವು. ಅಂಥ ಹಂದಿ ಮಣ್ಣು ಕೆದಕಿ ತಿನ್ನಲಾರದು. ಕೆಸುವಿನ ಗೆಡ್ಡೆ ಬೇಯಿಸಿ, ಮೆತ್ತಗೆ ಹಿಸುಕಿ ಬಾಯಿಗಿಡಬೇಕು. ಅಷ್ಟೂ ವರ್ಷ ಹಾಗೆ ಇಟ್ಟವಳು ಗರಾಯ್‌ನ ಮಗಳು ನೆಸ್ಟಾ. ಅವಳ ಗಂಡ ಸೇಬು ಕೀಳುವ ಕೆಲಸಕ್ಕೆಂದು ಪರದೇಶಕ್ಕೆ ಹೋಗಿದ್ದ. ಅವನಿಗೆ ಬಡಿಸಿದ್ದಕ್ಕಿಂತ ಹೆಚ್ಚು ಊಟ ಅವಳು ಬುಬುಗೆ ಬಡಿಸಿದ್ದಳು ಎಂದು ಊರವರು ನಗುತ್ತಿದ್ದರು.

ಜೋಡಿ ಬಳೆಯ ಹಂದಿಯನ್ನು ಬಲಿಯಾಗಿ ಕಡಿದವನಿಗೆ ಊರ ಹಿರಿಯರ ಕೊನೆಯ ಪದವಿ. ಆ ಪದವಿ ಇಲ್ಲದೆ ಸತ್ತವನು ಮನಾರೋದ ಮೇಲಿನ ಸರೋವರದಲ್ಲಿರುವ ಸತ್ತವರ ಊರಿಗೆ ಹೋದರೂ ಬಾಗಿಲಲ್ಲೇ ಕಾಯುತ್ತಾ ನಿಲ್ಲಬೇಕು. ಗರಾಯ್‌ಗೆ ಎದೆಯಲ್ಲಿ ಕಫ ಕಟ್ಟಿತ್ತು. ಈ ಮಳೆಗಾಲ ದಾಟುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು.

"ನಿಮ್ಮಮ್ಮ ಆಗ್ಲೇ ಆ ಊರೊಳಗಿದ್ದಾಳೆ" ಎಂದ ಗರಾಯ್. "ಬದುಕಿದ್ದಾಗ್ಲೇ ಕಾವಾ ಕುಡಿದು ಅಮಲೇರಿಸ್ಕೊಂಡು ಬಂದ್ರೆ ಬಾಗಿಲು ಹಾಕ್ಕೊಳ್ಳೋಳು. ಈಗ ಹಂದಿನೂ ಇಲ್ದೆ ಹೋಗಿ ನಿಂತ್ರೆ ತೆಗೀತಾಳಾ?"

ಬಾಗಿಲ ಬಳಿ ಬೆನ್ನು ತಿರುಗಿಸಿ ಕೂತಿದ್ದ ಮಗ ಬಾನಿ ಮೆಲ್ಲಗೆ ಎದ್ದು ನಿಂತ. ಹಂದಿಯನ್ನು ಹೊರಲು ಗಟ್ಟಿ ಭುಜ ಬೇಕು, ಅದು ಅವನದು. ಆದರೆ ಬುಬು ನೆಸ್ಟಾಳ ಕೈಯನ್ನು ಬಿಟ್ಟು ಬೇರೆ ಯಾರ ಕೈಯನ್ನೂ ನಂಬುತ್ತಿರಲಿಲ್ಲ. ಅಂದರೆ ಇಬ್ಬರೂ ಹೋಗಬೇಕು, ಒಂದೇ ದೋಣಿಯಲ್ಲಿ. ಅಣ್ಣ ತಂಗಿ!

ಅಂಬಾಯ್‌ನ ಕಟ್ಟಳೆಯಲ್ಲಿ ಮೀಸೆ ಮೂಡಿದ ಅಣ್ಣ, ದೊಡ್ಡವಳಾದ ತಂಗಿ ಒಬ್ಬರ ಹೆಸರು ಒಬ್ಬರು ಎತ್ತುವಂತಿಲ್ಲ, ಎದುರಾಬದುರಾ ಕೂತು ಮಾತಾಡುವಂತಿಲ್ಲ. ದಾರಿಯಲ್ಲಿ ಅವನು ಬಂದರೆ ಅವಳು ಪಕ್ಕಕ್ಕೆ ಸರಿಯಬೇಕು, ಅವಳು ಅಂಗಳದಲ್ಲಿದ್ದರೆ ಅವನು ಕೆಮ್ಮಿ ಬರಬೇಕು. ದ್ವೇಷವಲ್ಲ, ಅದೇ ಪ್ರೀತಿ. ಹೆಸರು ಹಿಡಿದು ಕೂಗಿದರೆ ಆ ಪ್ರೀತಿಯ ಮೈಮೇಲಿನ ಬಟ್ಟೆ ಎಳೆದ ಹಾಗೆ ಎಂದು ಅಮ್ಮ ಹೇಳಿಕೊಟ್ಟಿದ್ದಳು. ಏನಾದರೂ ಹೇಳಬೇಕಿದ್ದರೆ ನಡುವೆ ಒಬ್ಬರು ಬೇಕು.

ನಡುವಿನವನಾಗಿ ಸಿಕ್ಕಿದ್ದು ಸಾಂತೋದ ದೋಣಿಗಾರ ಮೋಲಿ. ಬಾಯಿ ಎಂದರೆ ಬಾಯಿ. ಅವನ ದೋಣಿಯ ಎಂಜಿನ್ ನಿಂತರೂ ಅವನು ನಿಲ್ಲುತ್ತಿರಲಿಲ್ಲ.

ದೋಣಿ ದಡ ಬಿಟ್ಟಾಗ ಬೆಳಕು ಹರಿಯುತ್ತಿತ್ತು. ಬಾನಿ ದೋಣಿಯ ಮುಂದಿನ ಮೂತಿಯಲ್ಲಿ ಸಮುದ್ರ ನೋಡುತ್ತಾ ಕೂತ. ನೆಸ್ಟಾ ಹಿಂದೆ, ಎಂಜಿನ್ ಪಕ್ಕದಲ್ಲಿ ಕೂತಳು.

"ಮೋಲಿ, ಕೆಸುವಿನ ಬುಟ್ಟಿ ಒದ್ದೆ ಆಗ್ತಿದೆ, ಮೇಲೆತ್ತಿ ಇಡೋಕೆ ಅವರಿಗೆ ಹೇಳು" ಎಂದಳು.

"ಅವರಿಗೇ ಕೇಳಿಸ್ತಲ್ಲ ಮಾರಾಯ್ತಿ! ಇಷ್ಟು ಹತ್ತಿರ ಇದ್ದಾರೆ!"

"ಹೇಳು."

"ಬಾನಿ, ಬುಟ್ಟಿ ಮೇಲೆತ್ತಬೇಕಂತೆ."

ಬುಟ್ಟಿ ಆಗಲೇ ಬಾನಿಯ ತೊಡೆಯ ಮೇಲಿತ್ತು. ಅವನು ತಿರುಗದೆಯೇ ಹೇಳಿದ: "ಎತ್ತಿ ಆಯ್ತು ಅಂತ ಹೇಳು ಮೋಲಿ. ಬಿಸಿಲಿಗೆ ತಲೆ ಮೇಲೆ ಏನಾದ್ರೂ ಹಾಕ್ಕೊಳ್ಳೋಕೂ ಹೇಳು."

"ನನ್ನ ಅಜ್ಜ ಪಾದ್ರಿಗಳಿಗೆ ದುಭಾಷಿ ಆಗಿದ್ನಂತೆ" ಎಂದು ಮೋಲಿ ಗೊಣಗಿದ. "ಅವನಿಗೆ ಸಂಬಳಾನಾದ್ರೂ ಇತ್ತು."

ನೆಸ್ಟಾ ನಕ್ಕಳು. ಮೂತಿಯಲ್ಲಿ ಬಾನಿಯ ಭುಜವೂ ಕುಲುಕಿತು. ಆ ಭುಜ ನೋಡಿ ಅವಳಿಗೆ ಎಳೆಯ ದಿನಗಳು ನೆನಪಾದವು. ಕರಿಮರಳಿನ ದಡದಲ್ಲಿ ಇಳಿತದ ಹೊತ್ತಿಗೆ ಬಿಸಿನೀರು ಉಕ್ಕುವ ಜಾಗವೊಂದಿತ್ತು. ಏಡಿಯನ್ನು ಎಲೆಯಲ್ಲಿ ಸುತ್ತಿ ಅಲ್ಲಿ ಹೂತರೆ ಒಂದು ಹಾಡು ಮುಗಿಯುವುದರೊಳಗೆ ಬೇಯುತ್ತಿತ್ತು. ಮನಾರೋ ನಮಗೆ ಅಡುಗೆ ಮಾಡಿ ಕೊಡುತ್ತದೆ ಎಂದು ಅಣ್ಣ ತಂಗಿ ಇಬ್ಬರೂ ನಂಬಿದ್ದರು. "ನೆಸ್ಟಾ, ಕಾಲು ತೆಗಿ, ಸುಡುತ್ತೆ!" ಎಂದು ಅವನು ಕಿರುಚಿದ್ದೇ ಅವಳ ಹೆಸರು ಹಿಡಿದು ಕರೆದ ಕೊನೆಯ ಮಾತು. ಆಮೇಲೆ ಮೀಸೆ ಮೂಡಿದ ಹುಡುಗರ ಹಾಗೆ ಅವನೂ ಊರ ಗಂಡಸರ ಮನೆಗೆ ಮಲಗಲು ಹೋದ. ಆ ಹುಡುಗನ ದನಿ ಅವಳ ಕಿವಿಯಲ್ಲಿ ಹಾಗೇ ಉಳಿದುಹೋಗಿತ್ತು. ಈಗ ಅವನಿಗೆ ಗಡ್ಡ ನರೆಯುತ್ತಿದೆ.

ಮಧ್ಯಾಹ್ನದ ಹೊತ್ತಿಗೆ ದಡ ಸಿಕ್ಕಿತು. ದೋಣಿಯನ್ನು ಮರಳಿಗೆ ಎಳೆದು ಕಟ್ಟಿ ಮೂವರೂ ಮೇಲೆ ನೋಡಿದರು. ಹಸಿರೆಂಬುದು ಎಲ್ಲಿಯೂ ಇರಲಿಲ್ಲ. ತೆಂಗಿನ ಗರಿಗಳು ಬೂದಿಯ ಭಾರಕ್ಕೆ ಕಾಂಡಕ್ಕಂಟಿ ಜೋತುಬಿದ್ದಿದ್ದವು. ಜೀಗುಜ್ಜೆ ಮರಗಳು ಎಲೆಯಿಲ್ಲದೆ ಬರೀ ಕೈಯೆತ್ತಿ ನಿಂತಿದ್ದವು. ಈ ದಾರಿಯಲ್ಲಿ ಮೊದಲೆಲ್ಲ ಹಕ್ಕಿಗಳ ಗಲಾಟೆಗೆ ಮಾತೇ ಕೇಳುತ್ತಿರಲಿಲ್ಲ. ಬೇಲಿಯ ದಾಸವಾಳ, ಕೋಳಿಗಳು, ಚಾಪೆಗೆಂದು ಮುಂಡಿಗೆ ಎಲೆ ಸೀಳುತ್ತಾ ಕೂಗಿ ಮಾತಾಡುವ ಹೆಂಗಸರು, ಸಂಜೆಯ ಕಲ್ಲೊಲೆಗಳ ಹೊಗೆ, ಇವೆಲ್ಲ ಇದ್ದ ದಾರಿ ಇದೇನಾ ಎಂದು ನೆಸ್ಟಾ ಕಣ್ಣುಜ್ಜಿಕೊಂಡಳು. ಕಾಲಿಟ್ಟಲ್ಲೆಲ್ಲ ಬೂದಿ ಪಾದದ ಗಂಟಿನವರೆಗೆ ಬರುತ್ತಿತ್ತು. ದಾರಿ ಬದಿಯ ಎಷ್ಟೋ ಮನೆಗಳ ಗರಿಯ ಮಾಡು ಕುಸಿದು ನೆಲ ಹಿಡಿದಿತ್ತು. ಅಮ್ಮ ಹುಟ್ಟಿದ ಮನೆಯನ್ನು ಅವಳು ಅದರ ಮೆಟ್ಟಿಲುಗಲ್ಲಿನಿಂದ ಗುರುತಿಸಿದಳು. ಅಲ್ಲಿ ಒಂದು ಗಳಿಗೆ ಕೂತು ಸುಮ್ಮನೆ ಅತ್ತಳು. ಬಾನಿ ದೂರದಲ್ಲಿ ನಿಂತು ಬೇರೆಲ್ಲೋ ನೋಡುತ್ತಾ ಕಾದ.

ಊರಿಗೂ ದಡಕ್ಕೂ ನಡುವೆ ಒಂದು ಹಳ್ಳ. ಮಳೆ ಬಂದರೆ ಮಾತ್ರ ಹರಿಯುವಂಥದ್ದು. ಈಗ ಒಣಗಿತ್ತು. ಅದನ್ನು ಇಳಿದು ಹತ್ತಿ ಮೂವರೂ ಮೇಲೆ ಊರಿನಲ್ಲಿ ಗರಾಯ್‌ನ ಅಂಗಳ ಸೇರಿದರು.

"ಹೋಗಿರುತ್ತೆ ಬಿಡು" ಎಂದ ಮೋಲಿ. "ಇಷ್ಟು ದಿನ ಯಾವ ಹಂದಿ ಬದುಕುತ್ತೆ?"

"ಬುಬೂ!" ಎಂದು ನೆಸ್ಟಾ ಕೂಗಿದಳು.

ಒಲೆಮನೆಯ ಕುಸಿದ ಮಾಡಿನಡಿಯಿಂದ ಗುರುಗುಟ್ಟಿದ ಸದ್ದು ಬಂತು. ಬೂದಿಯ ಗುಡ್ಡೆಯೊಂದು ಅಲುಗಿ, ಎದ್ದು, ಮೈ ಕೊಡವಿತು. ಬುಬು! ಪಕ್ಕೆಯ ಎಲುಬು ಎದ್ದು ಕಾಣುತ್ತಿತ್ತು, ಕೋರೆಗಳು ಮಾತ್ರ ಹೊಳೆಯುತ್ತಿದ್ದವು. ಮೊಳಕೆಯೊಡೆದು ಬಿರಿದ ತೆಂಗಿನಕಾಯಿಗಳ ಮೆತ್ತನೆ ತಿರುಳು ತಿಂದು ಜೀವ ಹಿಡಿದುಕೊಂಡಿತ್ತು. ನೆಸ್ಟಾ ಓಡಿಹೋಗಿ ಅದರ ಕುತ್ತಿಗೆ ತಬ್ಬಿದಳು. ಬುಟ್ಟಿಯ ಬೆಂದ ಕೆಸುವನ್ನು ಹಿಸುಕಿ ಹಿಸುಕಿ ಬಾಯಿಗಿಟ್ಟಳು. ಬುಬು ಅವಳ ಬೆರಳನ್ನೂ ಸೇರಿಸಿ ತಿನ್ನುವ ಹಾಗಿತ್ತು.

"ನನ್ನ ಹೆಂಡ್ತಿ ಒಂದು ದಿನ ನನಗೆ ಹಿಂಗೆ ಉಣ್ಣಿಸಿದ್ರೆ ನಾನೂ ಕೋರೆ ಬೆಳೆಸ್ತಿದ್ದೆ" ಎಂದ ಮೋಲಿ.

ಅಷ್ಟರಲ್ಲಿ ಪಾದದಡಿ ನೆಲ ಒಮ್ಮೆ ನಡುಗಿತು.

ಮೂವರೂ ತಲೆಯೆತ್ತಿದರು. ಮನಾರೋದ ನೆತ್ತಿಯಿಂದ ಕಪ್ಪು ಕಂಬವೊಂದು ಏಳುತ್ತಿತ್ತು. ಅದರೊಳಗೆ ಮಿಂಚು ಹರಿದಾಡುತ್ತಿತ್ತು. ಕಂಬದ ತಲೆ ಬಿಚ್ಚಿಕೊಂಡು ಅವರ ಕಡೆಗೇ ವಾಲಿತು.

"ಹೊರಡ್ಬೇಕು ಅಂತ ಹೇಳು!" ಎಂದ ಬಾನಿ.

"ಹೊರಟೆ ಅಂತ ಹೇಳು!" ಎಂದಳು ನೆಸ್ಟಾ.

ಮೋಲಿ ಇಬ್ಬರಿಗೂ ಏನೂ ಹೇಳದೆ ಓಡತೊಡಗಿದ. ಬಾನಿ ಹಗ್ಗದ ಒಂದು ತುದಿಯನ್ನು ಬುಬುವಿನ ಮುಂಗಾಲಿಗೂ ಹೆಗಲಿಗೂ ಸುತ್ತಿ ಬಿಗಿದು, ಉಳಿದ ಸುರುಳಿಯನ್ನು ನೆಲದ ಮೇಲೆ ಬಿಟ್ಟು, ಕತ್ತಿ ಹಿಡಿದು ದಾರಿ ನೋಡಲು ಮುಂದೆ ನಡೆದ. ನೆಸ್ಟಾ ಹಗ್ಗ ಎತ್ತಿಕೊಂಡಳು. ಬುಬು ಕುಂಟುತ್ತಾ ಅವಳ ಹಿಂದೆ ಬಂತು. ಓಡಿದ್ದ ಮೋಲಿಯೂ ಏದುಸಿರು ಬಿಡುತ್ತಾ ಅವಳ ಜೊತೆಯಾದ.

ಮೊದಲು ಕಲ್ಲುಹರಳು ಪಟಪಟನೆ ಬಿದ್ದವು. ಆಮೇಲೆ ಮಳೆ ಬಂತು, ನೀರಿನ ಮಳೆಯಲ್ಲ, ಕೆಸರಿನ ಮಳೆ. ಹಗಲು ಕಂದುತ್ತಾ ಬಂತು.

ಆಗ ನೆಸ್ಟಾಳ ಕಿವಿಗೆ ದೂರದ ಸದ್ದೊಂದು ಬಿತ್ತು. ಮೇಲೆ ಎಲ್ಲೋ ಹಳ್ಳದ ತಲೆಯಲ್ಲಿ ಬಂಡೆಗೆ ಬಂಡೆ ಉಜ್ಜುತ್ತಿತ್ತು. ಅಮ್ಮನ ತೋಟ ಹಳ್ಳದ ಅಂಚಿನಲ್ಲೇ ಇತ್ತು. ಆ ಸದ್ದು ಕೇಳಿದಾಗ ಅಮ್ಮ ಕೆಲಸ ಬಿಟ್ಟು ಹೇಗೆ ಎದ್ದೋಡುತ್ತಿದ್ದಳು ಎಂಬುದು ಅವಳಿಗೆ ಗೊತ್ತಿತ್ತು.

"ಮೋಲಿ! ಹಳ್ಳಕ್ಕೆ ಇಳೀಬೇಡಿ ಅಂತ ಅವರಿಗೆ ಹೇಳು. ಕೆಸರು ಬರ್ತಿದೆ. ಆಲದ ಮರದ ಪಕ್ಕ ಅಂಚಿನಲ್ಲೇ ಸುತ್ತಿ ಹೋಗೋ ಮೇಲಿನ ದಾರಿ ಹಿಡೀಬೇಕು. ಓಡು!"

ಮೋಲಿ ಓಡಿದ. ಅರ್ಧ ದಾರಿಯಲ್ಲಿ ಮನಾರೋ ಗುಡುಗಿತು. ಆ ಗುಡುಗಿಗೆ ಮೋಲಿ ಮುಖ ಅಡಿಯಾಗಿ ಬೂದಿಯಲ್ಲಿ ಬಿದ್ದ. ಎದ್ದಾಗ ಅವನ ತಲೆಯಲ್ಲಿ ಉಳಿದಿದ್ದು ಒಂದೇ ಮಾತು.

"ಬಾನಿ, ಓಡ್ಬೇಕಂತೆ! ಬೇಗ ಓಡ್ಬೇಕಂತೆ!"

ತಂಗಿ ಹೇಳಿ ಕಳಿಸಿದ್ದಾಳೆ. ಬಾನಿ ಮರುಮಾತಿಲ್ಲದೆ ಹತ್ತಿರದ ದಾರಿಯಲ್ಲಿ ಓಡಿದ. ಹತ್ತಿರದ ದಾರಿ ಎಂದರೆ ಹಳ್ಳ.

ಮೋಲಿ ಕೆಮ್ಮುತ್ತಾ ನೆಸ್ಟಾಳ ಬಳಿಗೆ ವಾಪಸು ಬಂದ. ಗಂಟಲ ತುಂಬ ಬೂದಿ.

"ಹೇಳಿದ್ಯಾ?"

"ಹೇಳ್ದೆ... ಬೇಗ ಓಡಿ ಅಂತ..."

"ಆಲದ ಮರ?"

ಮೋಲಿ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ.

ನೆಸ್ಟಾ ಬುಬುವನ್ನು ಎಳೆದುಕೊಂಡು, ತಡವುತ್ತಾ, ಹಳ್ಳದ ಅಂಚಿನ ಆಲದ ಮರ ಮುಟ್ಟಿದಳು, ಮೋಲಿ ಬೆನ್ನಿಗೇ ಬಂದ. ಅಷ್ಟರಲ್ಲಿ ಬೆಳಕು ಪೂರ್ತಿ ಹೋಯಿತು. ಹಗಲು ಹೊತ್ತಿನಲ್ಲೇ ತನ್ನ ಕೈ ತನಗೆ ಕಾಣದಂಥ ಕತ್ತಲೆ.

"ಮೋಲಿ! ದಾರಿ ಕಾಣ್ತಿಲ್ಲ!" ಕೆಳಗಿನಿಂದ ಬಾನಿಯ ಕೂಗು. "ಎಲ್ಲಿದ್ದೀಯೋ?"

ಮೋಲಿ ಕೂಗಲು ಹೋಗಿ ಬರೀ ಕೆಮ್ಮಿದ. ಮೇಲೆ ಬಂಡೆಗಳ ಸದ್ದು ಹತ್ತಿರವಾಗುತ್ತಿತ್ತು.

ನೆಸ್ಟಾ ಬಾಯಿ ತೆರೆದಳು. ಆ ಹೆಸರು ಗಂಟಲವರೆಗೆ ಬಂತು, ಅಲ್ಲೇ ನಿಂತಿತು. ಹಟವಲ್ಲ ಅದು. ಊರು ಹೋಗಿತ್ತು, ಮನೆ ಹೋಗಿತ್ತು, ತೋಟ ಬೂದಿಯಡಿ ಸೇರಿತ್ತು. ಅಮ್ಮ ಕಲಿಸಿದ ನಡತೆ ಒಂದೇ ಉಳಿದಿತ್ತು. ಅದನ್ನೂ ತಾನೇ ಮುರಿದರೆ ಇನ್ನೇನಿದೆ? ಮುರಿಯದಿದ್ದರೆ ಅಣ್ಣ ಇಲ್ಲ. ಅವಳಿಗೆ ಅಳು ಬಂತು. ಮೊಣಕಾಲೂರಿ ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತಿದಳು.

ಬೂದಿಯಡಿಯ ಮಣ್ಣು ಬೆಚ್ಚಗಿತ್ತು. ಅದು ಒಳಗೊಳಗೇ ಗುನುಗುತ್ತಿತ್ತು. ಚಿಕ್ಕವಳಾಗಿದ್ದಾಗ ಅಮ್ಮನ ಬೆನ್ನಿಗೆ ಕಿವಿ ಇಟ್ಟು ಮಲಗಿದರೆ ಅವಳ ಹಾಡು ಹೀಗೇ ಮೈಯೊಳಗೆ ಕೇಳುತ್ತಿತ್ತು. ನೆಸ್ಟಾಳ ಹೆದರಿಕೆ ತಟ್ಟನೆ ಇಳಿದುಹೋಯಿತು. ಇದು ಕೊಲ್ಲಲು ಬಂದ ಬೆಟ್ಟವಲ್ಲ. ಏಡಿ ಬೇಯಿಸಿಕೊಟ್ಟದ್ದು, ಕೆಸು ಬೆಳೆದುಕೊಟ್ಟದ್ದು, ಅಮ್ಮನನ್ನು ಕರೆದುಕೊಂಡು ಇಟ್ಟುಕೊಂಡದ್ದು ಇದೇ. ಇದರ ಮಣ್ಣಿನಿಂದಲೇ ತನ್ನ ಮೂಳೆ ಆದದ್ದು. ಸಿಟ್ಟು ಬಂದಿರಬಹುದು, ಆದರೆ ಹೇಳಿದರೆ ಕೇಳುತ್ತದೆ. ಕೇಳದೆ ಎಲ್ಲಿಗೆ ಹೋಗುತ್ತದೆ?

ಅವಳು ಎದೆ ತುಂಬ ಉಸಿರೆಳೆದು ಬೆಟ್ಟದ ಕಡೆ ಮುಖ ಮಾಡಿ ಕೂಗಿದಳು:

"ಮನಾರೋ! ನಿನ್ನ ಮೊಮ್ಮಗ ಹಳ್ಳದಲ್ಲಿದ್ದಾರೆ! ಅವರಿಗೆ ಹೇಳು! ಮೇಲಿಂದ ಕೆಸರು ಬರ್ತಿದೆ! ದಡದ ಕಡೆ ಓಡ್ಬೇಡಿ ಅಂತ ಹೇಳು! ಅಮ್ಮನ ತೋಟದ ಕಡೆ ತಿರುಗಿ, ಆಲದ ಬೇರು ಜೋತಿದೆ, ಅದರ ಕೆಳಗೆ ಬರೋಕೆ ಹೇಳು!"

"ಮನಾರೋ!" ಬಾನಿಯ ದನಿ, ಆದರೆ ಈಗ ಅದು ಮೋಲಿಯನ್ನು ಕರೆಯುತ್ತಿರಲಿಲ್ಲ. "ತೋಟದ ಕಡೆ ತಿರುಗಿದೆ ಅಂತ ಹೇಳು! ಹಳ್ಳದ ಗೋಡೆ ಕೈಗೆ ಸಿಕ್ತು! ಬೇರು ಸಿಕ್ತಿಲ್ಲ!"

"ಮನಾರೋ, ಇನ್ನೂ ಎಡಕ್ಕೆ! ಈ ಸದ್ದು ಬರೋ ಕಡೆಗೆ ಬರೋಕೆ ಹೇಳು!" ಅವಳು ಆಲದ ಬೊಡ್ಡೆಗೆ ಕಲ್ಲಿನಿಂದ ಬಡಿಯತೊಡಗಿದಳು. ಟಕ್, ಟಕ್, ಟಕ್.

"ಸಿಕ್ತು! ಬೇರು ಸಿಕ್ತು! ಜಾರ್ತಿದೆ ಮನಾರೋ, ಹತ್ತೋಕೆ ಆಗ್ತಿಲ್ಲ!"

ಹಗ್ಗ! ಇದ್ದದ್ದು ಒಂದೇ ಹಗ್ಗ, ಅದರ ತುದಿ ಬುಬುವಿನ ಮೈಮೇಲೆ. ಗಂಟು ಒದ್ದೆ ಬೂದಿಯಲ್ಲಿ ಕಲ್ಲಾಗಿತ್ತು. ಬಿಚ್ಚಲು ಹೊತ್ತಿರಲಿಲ್ಲ. ಎಳೆತಕ್ಕೆ ಬುಬು ಬಿದ್ದರೆ ಆ ಕೋರೆಗಳ ಗತಿ ಏನು ಎಂದು ನೆಸ್ಟಾಳಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪನ ಮುಖ ಕಣ್ಣೆದುರು ಬಂತು. ಅವಳು ಹಗ್ಗದ ಸುರುಳಿಯನ್ನು ಹಳ್ಳಕ್ಕೆ ಎಸೆದಳು.

"ಮನಾರೋ, ಹಗ್ಗ ಹಿಡಿಯೋಕೆ ಹೇಳು!"

ಹಗ್ಗ ಬಿಗಿಯಿತು. ನೆಸ್ಟಾ ಹಿಡಿದಳು, ಮೋಲಿ ಅವಳ ಹಿಂದೆ ಹಿಡಿದ. ಬುಬು ನಾಲ್ಕೂ ಕಾಲು ಊರಿ ಹಿಂದಕ್ಕೆ ಎಳೆಯಿತು. ಹಟಮಾರಿ ಹಂದಿ, ಅದರ ಹಟವೇ ಆ ಹೊತ್ತಿಗೆ ಗೂಟವಾಯಿತು. ಒಂದು ಮೊಳ ಬಂತು, ಎರಡು ಮೊಳ ಬಂತು. ಬಂಡೆಗಳ ಸದ್ದು ಕಿವಿ ತುಂಬಿತು. ಬುಬು ಮಗುಚಿ ಬಿತ್ತು. ದವಡೆ ಬೇರುಗಳ ನಡುವೆ ಸಿಕ್ಕಿತು.

ಕಟ್ ಎಂದಿತು.

ಆದರೂ ನೆಸ್ಟಾ ಹಗ್ಗ ಬಿಡಲಿಲ್ಲ. ಬಾನಿಯ ಕೈ ಅಂಚಿಗೆ ಬಂತು, ತಲೆ ಬಂತು. ಮೋಲಿ ಅವನ ಕಂಕುಳಿಗೆ ಕೈ ಹಾಕಿ ಮೇಲೆಳೆದುಕೊಂಡ. ಅದೇ ಗಳಿಗೆಗೆ ಕೆಸರು, ಬಂಡೆ, ಬುಡ ಕಿತ್ತ ಮರಗಳು ಹಳ್ಳದ ಅಂಚಿನವರೆಗೆ ತುಂಬಿಕೊಂಡು ಆರ್ಭಟಿಸುತ್ತಾ ಹರಿದುಹೋದವು.

ಮೂವರೂ ಹಂದಿಯೊಂದಿಗೆ ಆಲದ ಬುಡದಲ್ಲಿ ಮುದುಡಿ ಕೂತರು. ಬಾನಿ ಬೊಡ್ಡೆಯ ಆ ಬದಿಗೆ, ನೆಸ್ಟಾ ಈ ಬದಿಗೆ. ಗಾಳಿ ತಿರುಗಿ ಬೆಳಕು ಬಂದಾಗ ನೋಡಿದರೆ ಬುಬುವಿನ ಬಾಯಿಯಲ್ಲಿ ರಕ್ತ. ಒಂದು ಬದಿಯ ಬಳೆ ಇರಲಿಲ್ಲ. ನೆಸ್ಟಾ ಬೇರುಗಳ ಸಂದಿಯಲ್ಲೆಲ್ಲ ಕೈಯಾಡಿಸಿ ಹುಡುಕಿದಳು. ಕೆಸರು ಕೊಂಡೊಯ್ದಿತ್ತು.

ಬಾನಿ ಅದನ್ನು ನೋಡಿದ. ಮುಖ ಮುಚ್ಚಿಕೊಂಡು ಅತ್ತ. ನೆಸ್ಟಾ ತಿರುಗಿ ನೋಡಲಿಲ್ಲ, ನೋಡಬಾರದು.

ಮೇಲಿನ ದಾರಿಯಲ್ಲಿ ದಡ ಸೇರುವ ಹೊತ್ತಿಗೆ ಮೂವರ ಮೈಯೂ ಬೂದಿಯ ಬೊಂಬೆಗಳ ಹಾಗಿತ್ತು. ಬುಬುವನ್ನು ಕೋಲಿಗೆ ಕಟ್ಟಿ ಬಾನಿ ಮತ್ತು ಮೋಲಿ ಹೊತ್ತು ತಂದಿದ್ದರು. ಬೆಟ್ಟ ಉಗುಳಿದ, ನೀರಲ್ಲಿ ತೇಲುವ ಹಗುರ ಕಲ್ಲುಗಳ ನಡುವೆ ದೋಣಿ ನಿಧಾನಕ್ಕೆ ದಾರಿ ಮಾಡಿಕೊಂಡಿತು. ಮೋಲಿ ಸಾಂತೋ ತಲುಪುವವರೆಗೂ ಒಂದೇ ಒಂದು ಮಾತಾಡಲಿಲ್ಲ. ಹುಟ್ಟಿದಂದಿನಿಂದ ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು ಎಂದು ಅವನ ಹೆಂಡತಿ ಆಮೇಲೆ ಎಲ್ಲರಿಗೂ ಹೇಳಿಕೊಂಡು ಬಂದಳು.

ಶಾಲೆಯ ಅಂಗಳದಲ್ಲಿ ಜನ ಸೇರಿದರು. ಗರಾಯ್‌ನನ್ನು ಇಬ್ಬರು ಹಿಡಿದು ಎಬ್ಬಿಸಿ ಕೂರಿಸಿದರು. ಮುದುಕ ಬುಬುವಿನ ಹಣೆ ಸವರಿದ. ಕೈ ಕೆಳಗಿಳಿದು ದವಡೆಯ ಖಾಲಿ ಜಾಗದಲ್ಲಿ ನಿಂತಿತು. ಒಂಟಿ ಬಳೆಯ ಹಂದಿಗೆ ಪದವಿ ಇಲ್ಲ.

ನೆಸ್ಟಾ ನಡೆದದ್ದನ್ನು ಹೇಳಿದಳು. ಹೇಳುವಾಗ ತಲೆಯೆತ್ತಲಿಲ್ಲ. "ಗೊತ್ತಿದ್ದೇ ಎಸೆದೆ ಅಪ್ಪ. ಮುರಿಯುತ್ತೆ ಅಂತ ಗೊತ್ತಿತ್ತು."

ಗರಾಯ್ ಕೇಳಿದ: "ಹೆಸರು ಹಿಡಿದು ಕೂಗಿದ್ಯಾ?"

"ಇಲ್ಲ. ಮನಾರೋನ ಕೂಗಿದೆ."

"ಕೇಳಿಸ್ಕೊಳ್ತಾ?"

"ಕೇಳಿಸ್ಕೊಳ್ತು ಅಪ್ಪ."

ಮುದುಕ ನಗತೊಡಗಿದ. ನಕ್ಕು ನಕ್ಕು ಕೆಮ್ಮಿದ, ಕಣ್ಣಲ್ಲಿ ನೀರು ಬಂತು.

"ನಾನು ಹೊತ್ಕೊಂಡು ಹೋಗಿ ಕೊಡ್ಬೇಕಿತ್ತು. ಮನಾರೋನೇ ಬಂದು ತಗೊಂಡು ಹೋಯ್ತು, ಅಷ್ಟೇ" ಎಂದ. "ಕೋರೆ ನನಗಿಂತ ಮುಂಚೆ ಅಲ್ಲಿಗೆ ಸೇರ್ತು. ಇನ್ನು ಬಾಗಿಲಲ್ಲಿ ನನ್ನನ್ನ ಯಾರು ತಡೀತಾರೆ? ಮಗನೂ ಉಳಿದ, ಮಾನಾನೂ ಉಳೀತು. ಯಾರಪ್ಪ ಇಷ್ಟು ಅಗ್ಗಕ್ಕೆ ಪದವಿ ತಗೊಂಡಿದ್ದಾನೆ ಹೇಳಿ!"

ಮಳೆಗಾಲ ಮುಗಿಯುವ ಮೊದಲೇ ಗರಾಯ್ ಹೋದ, ಬಾಗಿಲು ತೆರೆದಿದೆ ಎಂಬ ಧೈರ್ಯದಲ್ಲಿ.

ಮನಾರೋ ತಣ್ಣಗಾದ ಮೇಲೆ ಜನ ಒಬ್ಬೊಬ್ಬರಾಗಿ ಅಂಬಾಯ್‌ಗೆ ಮರಳಿದರು. ಬೂದಿ ಬಿದ್ದ ಮಣ್ಣಿನಲ್ಲಿ ಕೆಸು ಹಿಂದೆಂದೂ ಇಲ್ಲದ ಹಾಗೆ ಬಂತು. ಬುಬುವನ್ನು ಕಡಿಯುವವರು ಯಾರೂ ಇರಲಿಲ್ಲವಾದ್ದರಿಂದ ಅದು ಕೊಬ್ಬಿ, ಸೋಮಾರಿಯಾಗಿ, ನೆಸ್ಟಾಳ ಅಂಗಳದಲ್ಲಿ ಮುದಿಯಾಯಿತು. ಬಾನಿ ಬೇಲಿಯಾಚೆ ಮನೆ ಕಟ್ಟಿದ. ಹಳೆಯ ಊರು ಹಾಗೆಯೇ ಮರಳಲಿಲ್ಲ, ಅದು ನೆಸ್ಟಾಳಿಗೆ ಗೊತ್ತು. ಎಷ್ಟೋ ಮನೆಗಳ ಮೆಟ್ಟಿಲುಗಲ್ಲು ಮಾತ್ರ ಉಳಿದಿದೆ. ಅವುಗಳ ಪಕ್ಕ ಹಾದುಹೋಗುವಾಗ ಅವಳು ಈಗಲೂ ಒಂದು ಗಳಿಗೆ ನಿಲ್ಲುತ್ತಾಳೆ.

ಆದರೆ ಸಂಜೆ ಕಲ್ಲೊಲೆಯ ಹೊಗೆ ಏಳುವ ಹೊತ್ತಿಗೆ ಬೇಲಿಯಾಚೆಯಿಂದ, ಬೆಟ್ಟದ ಕಡೆ ಮುಖ ಮಾಡಿ, ಗಟ್ಟಿಯಾಗಿ ಒಬ್ಬರು ಮಾತಾಡುತ್ತಾರೆ.

"ಮನಾರೋ, ಇಲ್ಲಿ ಒಬ್ಬನಿಗೆ ಹಸಿವಾಗ್ತಿದೆ. ಕೆಸುವಿನ ವಾಸನೆ ಮೂಗಿಗೆ ಬಡೀತಿದೆ."

ನೆಸ್ಟಾ ಒಲೆಯ ಮೇಲಿನ ಎಲೆ ಸರಿಸುತ್ತಾ, ಬೆಟ್ಟವನ್ನೇ ನೋಡುತ್ತಾ ಉತ್ತರ ಕೊಡುತ್ತಾಳೆ.

"ಬೇಯೋಕೆ ಇನ್ನೂ ಸ್ವಲ್ಪ ಹೊತ್ತಿದೆ ಮನಾರೋ. ಅಲ್ಲೀವರೆಗೆ ಸುಮ್ಮನೆ ಕೂರೋಕೆ ಹೇಳು."